ಎಡರೆಕ್ಕೆಯ ಎಂಜಿನ್

ಫೆಬ್ರವರಿ ೩, ಸೋಮವಾರ

ಅದೂ ಅಲ್ಲದೆ ಕಾರು ಅಂದಮೇಲೆ ಅದಕ್ಕೊಂದು ಅಳತೆ ಬೇಡವೇ. ನಿನ್ನೆ ಕಣ್ಣು ಎಳೆಯುತ್ತಿದ್ದುದರಿಂದ ಈ ಮಾತು ಬರೆಯದೆ ಉಳಿಯಿತು. ನನ್ನ ಷಡ್ಡಕ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಇಳಿಸಿಕೊಂಡಿರುವ ಎಂಜಿನ್ ಇಪ್ಪತ್ತೇಳು ಲೀಟರಿನದು. ಎರಡು ಸಾಲಿನಲ್ಲಿ ಹನ್ನೆರಡು ಸಿಲಿಂಡರು, ಎತ್ತರದ ಮನುಷ್ಯನೊಬ್ಬ ಕೈಕಾಲು ಚಾಚಿ ಮಲಗಿದಷ್ಟು ಉದ್ದ. ರೆಕ್ಕೆಗೊಂದರಂತೆ ಎರಡು ಎಂಜಿನ್ ಇದ್ದ ಹಳೆಯ ವಿಮಾನವನ್ನು ಯಾರೋ ಗುಜರಿಗೆ ಹಾಕಿದರು, ಇವನು ಹೋಗಿ ಒಂದನ್ನು ಎತ್ತಿಸಿಕೊಂಡು ಬಂದ. ಈಗ ಅದನ್ನು ಒಂದು ಓಬೀರಾಯನ ಕಾಲದ ಕಾರಿನ ಚಾಸಿಗೆ ಕೂರಿಸುತ್ತಾನಂತೆ. ಕೂರಿಸಿ ಓಡಿಸುತ್ತಾನಂತೆ.

ಅದು ಕಾರಲ್ಲ. ವಿಮಾನದ ಹೆಣಕ್ಕೆ ಚಕ್ರ ಕಟ್ಟಿದ್ದು.

ಇದನ್ನು ಅವನ ಎದುರಿಗೇ ಹೇಳಿದೆ. ಅವನು ಹಲ್ಲು ಬಿಟ್ಟ. ಹಲ್ಲಿನ ಡಾಕ್ಟರು, ಅದೊಂದು ಚೆನ್ನಾಗಿ ಬಿಡುತ್ತಾನೆ. ಇಡೀ ಆಯುಷ್ಯ ಇನ್ನೊಬ್ಬರ ಬಾಯೊಳಗೆ ಇಣುಕಿದವನು ಈಗ ಅದೇ ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು ಸಿಲಿಂಡರಿನೊಳಗೆ ಇಣುಕುತ್ತಾನೆ. "ಇಲ್ಲೊಂದು ಹುಳುಕು ಇದ್ದ ಹಾಗಿದೆ ಭಾವ, ತುಂಬಿಸ್ಬೇಕು" ಎನ್ನುತ್ತಾನೆ. ನಾನು ನಗಬೇಕಂತೆ.

ನನ್ನ ಪುಟ್ಟ ಕಾರಿನ ಎಂಜಿನ್ ಪೂರ್ತಿ ಒಂದು ಲೀಟರೂ ಇಲ್ಲ. ಆದರೆ ಅದರ ಒಂದೊಂದು ಬೋಲ್ಟೂ ಹುಟ್ಟಿದಾಗಿನದು. ಒರಿಜಿನಾಲಿಟಿ ಈಸ್ ದಿ ಮದರ್ ಆಫ್... ಏನೋ ಒಂದು. ಮದರ್ ಎಂಬುದು ಮಾತ್ರ ಖಚಿತ. ಹಳೇ ಕಾರುಗಳ ಕ್ಲಬ್ಬಿನವರು ಪ್ರತಿ ವರ್ಷ ನನ್ನನ್ನೇ ಮೊದಲ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ಇವಳು, ನನ್ನ ಹೆಂಡತಿ, ಕೂತು ಎಲ್ಲರಿಗೂ ಕೈಬೀಸುತ್ತಿದ್ದಳು, ಕಾರು ತಾನೇ ಕಟ್ಟಿದವಳ ಹಾಗೆ. ಇವಳು ತೀರಿಹೋಗಿ ಇದು ಎರಡನೆಯ ಚಳಿಗಾಲ. ಕಾರಿನ ಮೇಲೆ ಟಾರ್ಪಾಲು ಹೊದ್ದಿಸಿದ್ದೇನೆ.

ಈ ಸಲದ ಪ್ರದರ್ಶನಕ್ಕೆ ಮೊದಲ ಸಾಲಿನಲ್ಲಿ ನಿಲ್ಲುವುದು ಡಾಕ್ಟರ ಕಾರಂತೆ. ಕ್ಲಬ್ಬಿನ ಅಧ್ಯಕ್ಷರು ಫೋನು ಮಾಡಿ ತಿಳಿಸಿದರು. "ನಿಮಗೆ ಬೇಜಾರಿಲ್ಲ ತಾನೆ?" ಎಂದರು. ನಾಟ್ ಅಟ್ ಆಲ್ ಎಂದೆ. ಫೋನಿಟ್ಟ ಮೇಲೆ ಬಾಗಿಲು ತುಸು ಜೋರಾಗಿ ಹಾಕಿಕೊಂಡಿತು. ಗಾಳಿ ಇರಬೇಕು.

ಫೆಬ್ರವರಿ ೬, ಗುರುವಾರ

ಸಂಜೆ ಆಯಿತೆಂದರೆ ಮಗಳಿಗೆ ಕಾಲು ನಿಲ್ಲುವುದಿಲ್ಲ. ತನ್ನ ಲೇತ್ ಅಂಗಡಿಯ ಶಟರ್ ಎಳೆದವಳು ಮನೆಗೆ ಬಂದು ಮುಖ ತೊಳೆದು, "ಅಪ್ಪ, ಚಿಕ್ಕಪ್ಪನ ಶೆಡ್ಡಿಗೆ ಹೋಗ್ಬರ್ತೀನಿ" ಎನ್ನುತ್ತಾಳೆ. ಇಡೀ ದಿನ ಕಬ್ಬಿಣ ಕಡೆದವಳಿಗೆ ಸಂಜೆಯೂ ಕಬ್ಬಿಣವೇ ಬೇಕೇ ಎಂದು ಕೇಳಿದೆ.

"ನೀವೂ ಬನ್ನಿ. ಇಲ್ಲಿ ಕೂತು ಗೋಡೆ ಕಾಯೋ ಬದಲು."

"ನಾನು ಬಂದು ಏನು ಮಾಡ್ಲಿ?"

"ಬೈರಿ. ಮನೇಲಿ ಕೂತು ಬೈಯೋದು ಅಲ್ಲಿ ಬಂದು ಬೈರಿ, ಚಿಕ್ಕಪ್ಪಂಗೂ ಟೈಂಪಾಸ್ ಆಗುತ್ತೆ."

ಹೋದೆ. ಶೆಡ್ಡಿನಲ್ಲಿ ಗ್ರೀಸು, ಹಳೆಯ ಪೆಟ್ರೋಲು ಎಲ್ಲದರ ವಾಸನೆ. ಕಾಲಿಡಲು ಜಾಗವಿಲ್ಲ. ಒಂದು ಸಿಲಿಂಡರಿಗೆ ಎರಡು ಪ್ಲಗ್, ಒಟ್ಟು ಇಪ್ಪತ್ತನಾಲ್ಕು. ಅಷ್ಟನ್ನೂ ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಬಟ್ಟೆ ಮುಚ್ಚಿಟ್ಟಿದ್ದಾನೆ, ಆಪರೇಷನ್ನಿಗೆ ಇಟ್ಟ ಹಾಗೆ. ನನ್ನ ಮಗಳು ಅವನಿಗೆ ಸ್ಪ್ಯಾನರ್ ಕೊಡುತ್ತಾಳೆ, ಅವನು ಕೇಳುವ ಮೊದಲೇ. ಯಾವ ಅಳತೆಯದು ಬೇಕೆಂದು ಅವಳಿಗೆ ಗೊತ್ತಿರುತ್ತದೆ. ನನಗೆ ಮಾತ್ರ ಟೀಗೆ ಸಕ್ಕರೆ ಎಷ್ಟೆಂದು ಈಗಲೂ ಕೇಳುತ್ತಾಳೆ.

ಬರೆಯಬೇಕೆಂದಿದ್ದದ್ದು ಇದಲ್ಲ. ಊಟದ ಹೊತ್ತಿಗೆ ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ಕರೆದಳು: "ಸಾಕು ಬನ್ನಿ, ಆರೋಗುತ್ತೆ." ಇವಳದೇ ಗಂಟಲು. ಅಕ್ಕತಂಗಿಯರಲ್ಲವೇ, ಇರುತ್ತದೆ. ಇಷ್ಟು ವರ್ಷ ಗಮನಿಸಿರಲಿಲ್ಲ. ನಾನು ಎದ್ದೇಬಿಟ್ಟಿದ್ದೆ. ಆ ಮನುಷ್ಯ ಮಾತ್ರ ಎಂಜಿನ್ನಿನೊಳಗೆ ತಲೆ ಹಾಕಿಕೊಂಡೇ "ಐದು ನಿಮಿಷ" ಎಂದ.

ಐದು ನಿಮಿಷವಂತೆ. ಕರೆಯುವವರು ಇದ್ದಾರೆ ಎಂಬ ಕೊಬ್ಬು.

ಫೆಬ್ರವರಿ ೯, ಭಾನುವಾರ

ಇವತ್ತಿನದನ್ನು ಮೊದಲಿಂದ ಬರೆಯಬೇಕು.

ಎಂಜಿನ್ನನ್ನು ಚಾಸಿಗೆ ಏರಿಸುವ ಮೊದಲು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟು ಒಮ್ಮೆ ಓಡಿಸಿ ನೋಡುವುದೆಂದು ತೀರ್ಮಾನವಾಗಿತ್ತು. ಕ್ಲಬ್ಬಿನ ಅರ್ಧ ಜನ ಬಂದು ನೆರೆದರು. ಅಧ್ಯಕ್ಷರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಪೈಲಟ್ಟಿನಂತೆ ನಿಂತರು. ಎಲ್ಲರೂ ಡಾಕ್ಟರ ಬೆನ್ನು ತಟ್ಟುವವರೇ. ನನ್ನನ್ನು ಕಂಡವರು "ನಿಮ್ಮ ಕಾರು ಹೇಗಿದೆ?" ಎಂದು ಕೇಳಿದರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ವಿಚಾರಿಸುವ ಧಾಟಿಯಲ್ಲಿ. ನಾನು ಗುಂಪು ಬಿಟ್ಟು ಎಂಜಿನ್ನಿನ ಹಿಂದಿನ ತುದಿಗೆ, ಟೈರುಗಳ ರಾಶಿಯ ಹತ್ತಿರ ಹೋಗಿ ನಿಂತೆ. ಅಲ್ಲಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಅದೇ ಬೇಕಾಗಿತ್ತು.

ಕೈಪಂಪಿನಿಂದ ನಾಲ್ಕು ಸಲ ಪೆಟ್ರೋಲು ಒತ್ತಿದರು. ಡಾಕ್ಟರು ಸ್ವಿಚ್ಚು ಹಾಕಿದ. ಒಮ್ಮೆ ಕೆಮ್ಮಿತು, ಎರಡನೆಯ ಸಲ ಸೀನಿತು, ಆಮೇಲೆ ಹತ್ತಿಕೊಂಡಿತು ನೋಡಿ. ಶೆಡ್ಡಿನ ತಗಡೆಲ್ಲ ಗಡಗಡ. ಹನ್ನೆರಡು ಗಿಡ್ಡ ಕೊಳವೆಗಳಿಂದ ನೀಲಿ ಬೆಂಕಿ. ಎಲ್ಲರ ಕಣ್ಣೂ ಆ ಬೆಂಕಿಯ ಮೇಲೆ. ಡಾಕ್ಟರು ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದಾನೆ, ನನ್ನ ಮಗಳು ಅವನ ತೋಳು ಹಿಡಿದುಕೊಂಡು ಕುಣಿಯುತ್ತಿದ್ದಾಳೆ.

ನಾನು ಶಾಫ್ಟು ನೋಡುತ್ತಿದ್ದೆ, ನನ್ನ ಕಡೆಯ ತುದಿಯಿಂದ ಹೊರಚಾಚಿ ತಿರುಗುವ ದಂಡವನ್ನು. ಅಭ್ಯಾಸಬಲ. ಫ್ಲೈಯಿಂಗ್ ಕ್ಲಬ್ಬಿನ ಹ್ಯಾಂಗರಿನಲ್ಲಿ ಸ್ಟೋರ್ ಕೀಪರ್ ಆಗಿ ತಲೆ ಬೆಳ್ಳಗಾಗಿಸಿಕೊಂಡವನು ನಾನು. ಅಲ್ಲಿ ಗುಡಿಸುವವರಿಂದ ಹಿಡಿದು ಎಲ್ಲರಿಗೂ ಮೊದಲ ದಿನ ಕಲಿಸುವ ಪಾಠ ಒಂದೇ: ಎಂಜಿನ್ನಿನ ಹತ್ತಿರ ಹೋಗುವ ಮೊದಲು ಅದು ಯಾವ ಕಡೆಗೆ ತಿರುಗುತ್ತದೆ ನೋಡಿಕೋ. ನೋಡಿಕೊಂಡೆ. ಶಾಫ್ಟು ಉಲ್ಟಾ ತಿರುಗುತ್ತಿತ್ತು.

ಉಲ್ಟಾ ಎಂದರೆ ಕಾರಿಗೆ ಬೇಕಾದ ದಿಕ್ಕಿಗೆ ವಿರುದ್ಧವಾಗಿ. ಆಗ ಹೊಳೆಯಿತು. ಎರಡು ಎಂಜಿನ್ನಿನ ಕೆಲವು ವಿಮಾನಗಳಲ್ಲಿ, ಮೂತಿ ಒಂದೇ ಕಡೆಗೆ ಎಳೆಯದಿರಲಿ ಎಂದು, ಎಡರೆಕ್ಕೆಯದನ್ನೂ ಬಲರೆಕ್ಕೆಯದನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗುವಂತೆ ಮಾಡಿರುತ್ತಾರೆ. ನಮ್ಮ ಡಾಕ್ಟರು ಓದಿರುವುದು ಬಲರೆಕ್ಕೆಯದರ ಪುಸ್ತಕ. ತಂದಿರುವುದು ಎಡರೆಕ್ಕೆಯ ಎಂಜಿನ್. ಇದನ್ನು ಹೀಗೇ ಕಾರಿಗೆ ಕೂರಿಸಿದರೆ ಮುಂದಕ್ಕೆ ಹೋಗಲು ಒಂದೇ ಗೇರು, ಹಿಂದಕ್ಕೆ ಹೋಗಲು ನಾಲ್ಕು.

ಎಂಜಿನ್ ನಿಲ್ಲಿಸಿದರು. ಚಪ್ಪಾಳೆ. ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದ. "ಹೇಗಿದೆ ಭಾವ? ಏನಾದ್ರೂ ಹೇಳಿ."

"ಸದ್ದು ಚೆನ್ನಾಗಿದೆ" ಎಂದೆ.

ಫೆಬ್ರವರಿ ೧೦, ಸೋಮವಾರ

ಬೆಳಿಗ್ಗೆ ಹಲ್ಲುಜ್ಜುವಾಗ ನಗು ಬಂತು. ಮೊದಲ ಸಾಲಿನಲ್ಲಿ ನಿಂತು ಎಲ್ಲರೆದುರು ಹಿಂದಕ್ಕೆ ಓಡುವ ಕಾರು. ಅಧ್ಯಕ್ಷರ ಮಫ್ಲರು. ಊಟ ರುಚಿಸಿತು. ಎರಡು ಸಲ ಬಡಿಸಿಕೊಂಡೆ.

ಫೆಬ್ರವರಿ ೧೫, ಶನಿವಾರ

ದಿನವೂ ಹೋಗುತ್ತಿದ್ದೇನೆ. ಯಾಕೆ ಹೋಗುತ್ತೀಯ ಎಂದು ನನ್ನನ್ನೇ ಕೇಳಿಕೊಂಡರೆ, ಅವನು ಯಾವಾಗ ಕಂಡುಹಿಡಿಯುತ್ತಾನೆ ನೋಡಲು. ಕಂಡುಹಿಡಿಯುವ ಲಕ್ಷಣ ಇಲ್ಲ. ಎಂಜಿನ್ ಚಾಸಿಗೆ ಏರಿತು, ಯಾವುದೋ ಲಾರಿಯ ಗೇರ್‌ಬಾಕ್ಸೂ ಸೇರಿತು. ಸುಮ್ಮನೆ ನಿಂತಿದ್ದವನ ಕೈಗೆ ಯಾರೋ ಟಾರ್ಚ್ ಕೊಟ್ಟರು, ಹಿಡಿದೆ. ಯಾರೋ ಎಣ್ಣೆಡಬ್ಬ ಕೊಟ್ಟರು, ಅದನ್ನೂ ಹಿಡಿದೆ. ಒಂದು ಪೈಪು ತಪ್ಪು ಕಡೆ ಬಾಗಿಸುತ್ತಿದ್ದರು, ನೋಡಲಾಗದೆ ಸರಿ ಮಾಡಿಕೊಟ್ಟೆ. ಅದು ಬೇರೆ ವಿಷಯ.

ಇವತ್ತು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಜೋಡಣೆ ಬಂತು. ಉಕ್ಕಿನ ದಪ್ಪ ಬಳೆ, ಒಳಗೆ ಹಲ್ಲುಗಳು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುವಂಥ ಕೆಲಸ. ಒಂದು ಗೀರಿಲ್ಲ, ಒಂದು ಮೂಲೆ ಚೂಪಿಲ್ಲ.

"ಯಾವ ಕಾರ್ಖಾನೇಲಿ ಮಾಡ್ಸಿದ್ರಿ ಡಾಕ್ಟ್ರೇ?"

"ಕಾರ್ಖಾನೆಯಂತೆ. ನಿಮ್ಮ ಮಗಳೇ ಕಡೆದಿದ್ದು ಭಾವ. ಮೂರು ಸಲ ಎಸೆದು ನಾಲ್ಕನೇ ಸಲ ಮಾಡಿದ್ದಾಳೆ. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಮಗಳು ಆಚೆ ಕಡೆ ಮುಖ ಮಾಡಿಕೊಂಡು ಏನನ್ನೋ ಒರೆಸುತ್ತಿದ್ದಳು. "ಹೇಳಿದ್ರೆ ವಿಮಾನದ ಹೆಣ ಅಂತೀರಿ" ಎಂದಳು.

ಇಷ್ಟು ಚೆನ್ನಾಗಿ ಕಡೆಯುವುದನ್ನು ಅವಳಿಗೆ ಕಲಿಸಿದವರು ಯಾರು? ಸಣ್ಣವಳಿದ್ದಾಗ ಹ್ಯಾಂಗರಿಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಫೈಲು ಹಿಡಿಯುವುದು ಹೇಗೆಂದು ತೋರಿಸಿದವನು ನಾನು. ಈಗ ಆ ಕೈ ಮಾಡಿದ್ದು ಅವನ ಕಾರಿಗೆ.

ಕಾರು ಹಿಂದಕ್ಕೆ ಹೋದರೆ ನಗುವುದು ಡಾಕ್ಟರನ್ನು ನೋಡಿ ಮಾತ್ರವಲ್ಲ, ಜೋಡಣೆ ಮಾಡಿದವಳನ್ನು ನೋಡಿಯೂ. ಇದು ಯೋಚನೆಗೆ ಬಂತು. ಬಂದದ್ದನ್ನು ಬರೆಯಬೇಕಲ್ಲ, ಬರೆದೆ. ಹೇಳಬೇಕು ಅಂದುಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ನಾದಿನಿ ಟೀ ತಂದು ಗಂಡನ ಕೈಗೆ ಕೊಡುತ್ತಾ ಅವನ ಹಣೆಗೆ ಅಂಟಿದ್ದ ಗ್ರೀಸನ್ನು ಸೆರಗಿನಿಂದ ಒರೆಸಿದಳು. ಅವನು ನೋಡಲೂ ಇಲ್ಲ, ಮುಖ ಚಾಚಿ ನಿಂತಿದ್ದ ಮಗುವಿನ ಹಾಗೆ. ನನ್ನ ಬಾಯಿ ಮುಚ್ಚಿಕೊಂಡಿತು.

ಕಾಲೇಜಿನಲ್ಲಿ ನಮಗೆ ಪ್ಯಾಸಿವ್ ವಾಯ್ಸ್ ಎಂದು ಕಲಿಸುತ್ತಿದ್ದರು. ದಿ ಮಿಸ್ಟೇಕ್ ವಾಸ್ ನಾಟ್ ಟೋಲ್ಡ್. ಯಾರು ಹೇಳಲಿಲ್ಲ ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಆ ಭಾಷೆಯಲ್ಲಿ ಅನುಕೂಲಗಳಿವೆ.

ಫೆಬ್ರವರಿ ೧೯, ಬುಧವಾರ

ನಿದ್ದೆ ಸರಿಯಿಲ್ಲ. ಭಾನುವಾರ ಕಾರನ್ನು ಮೊದಲ ಸಲ ಓಡಿಸುತ್ತಾರಂತೆ, ಶೆಡ್ಡಿನಿಂದ ಗೇಟಿನವರೆಗೆ. ಪ್ರದರ್ಶನದ ದಿನ ಅಲ್ಲ, ಮನೆಯವರಷ್ಟೇ. ಹಾಗಾದರೆ ನಗುವವರು ಕಡಿಮೆ. ಹಿಂದಕ್ಕೆ ಹೋದರೂ ಅಲ್ಲಿರುವುದು ಹಳೆಯ ಟೈರುಗಳ ರಾಶಿ, ಮೆತ್ತಗೆ ಹೋಗಿ ತಾಗುತ್ತದೆ. ನೋ ಹಾರ್ಮ್ ಡನ್.

ಫೆಬ್ರವರಿ ೨೩, ಭಾನುವಾರ

ಇವತ್ತು ಅಕ್ಷರ ಸೊಟ್ಟ ಬರುತ್ತಿದೆ.

ಕಾರಿನ ಮೂತಿ ಗೇಟಿನ ಕಡೆ, ಬಾಲ ಟೈರುಗಳ ರಾಶಿಯ ಕಡೆ. ಡಾಕ್ಟರು ಸ್ಟಿಯರಿಂಗ್ ಹಿಡಿದು ಕೂತಿದ್ದ, ಎದುರಿಗೆ ಚಾಚಿದ ಬಾನೆಟ್ಟು ಊಟದ ಮೇಜಿನಷ್ಟು ಉದ್ದ. ಮಗಳು ಪಕ್ಕದಲ್ಲಿ ನಿಂತಿದ್ದಳು. ನಾದಿನಿ ಪಕ್ಕದ ಗೋಡೆಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದಳು. ನಾನು ಗೇಟಿನ ಹತ್ತಿರ ನಿಂತಿದ್ದೆ. ಚೆನ್ನಾಗಿ ಕಾಣುವ ಜಾಗ ಅದೇ ಎಂದು ಮೊದಲೇ ನೋಡಿಟ್ಟಿದ್ದೆ, ಸುಳ್ಳು ಬರೆಯುವುದೇಕೆ.

ಎಂಜಿನ್ ಹತ್ತಿಕೊಂಡಿತು. ಹೊಗೆ ಬಂತು. ಗಾಳಿ ಆ ಹೊಗೆಯನ್ನೆಲ್ಲ ನಾದಿನಿಯ ಮುಖಕ್ಕೆ ತಂದು ಸುರಿಯಿತು. ಅವಳು ಕೆಮ್ಮುತ್ತಾ ಎದ್ದು, ಕುರ್ಚಿಯನ್ನು ಎತ್ತಿಕೊಂಡು, ಹೊಗೆ ಬಾರದ ಕಡೆ ನೋಡಿ ಕಾರಿನ ಹಿಂದೆ, ಟೈರುಗಳ ರಾಶಿಗೆ ಒರಗಿಸಿ ಹಾಕಿಕೊಂಡು ಕೂತಳು. ಕಾರಿನ ಬಾಲಕ್ಕೂ ಅವಳ ಮೊಣಕಾಲಿಗೂ ನಡುವೆ ಒಂದು ಮಂಚ ಹಿಡಿಯುವಷ್ಟು ಜಾಗ.

ಅಲ್ಲಿ ಯಾಕೆ ಕೂರಬಾರದು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಕಾರು ಮುಂದಕ್ಕಲ್ಲವೇ ಹೋಗುವುದು.

ನಾನು ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. ಕೈಬೀಸಿದೆ. ಡಾಕ್ಟರು ಶುಭ ಹಾರೈಸುತ್ತಿದ್ದೇನೆ ಅಂದುಕೊಂಡು ಅವನೂ ಕೈಬೀಸಿದ. ಗೇರಿಗೆ ಕೈ ಹಾಕಿದ. ಆಮೇಲೆ ನಾನು ಓಡಿದ್ದು ನೆನಪಿಲ್ಲ, ಈ ಮೊಣಕಾಲಿನಲ್ಲಿ ಹೇಗೆ ಓಡಿದೆನೋ. ಅವನ ಎದೆಯ ಮೇಲಿಂದ ಕೈ ಚಾಚಿ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಎರಡೂ ಸ್ವಿಚ್ಚು ಕೆಳಗೆ ಹೊಡೆದೆ. ಎಂಜಿನ್ ಎರಡು ಸಲ ಉಸಿರುಬಿಟ್ಟು ಸತ್ತಿತು.



ಡಾಕ್ಟರು ನನ್ನನ್ನೇ ನೋಡಿದ. ಅವನು ಸಿಟ್ಟು ಮಾಡಿಕೊಂಡದ್ದನ್ನು ನಾನು ಕಂಡಿದ್ದೇ ಇಲ್ಲ. "ಇಷ್ಟೊಂದಾ ಭಾವ?" ಎಂದ. "ಹೊಟ್ಟೆಕಿಚ್ಚು ಇರುತ್ತೆ, ಗೊತ್ತು. ನಂಗೇನೂ ಕಾಣಲ್ಲ ಅಂದ್ಕೊಂಡಿದೀರಾ. ಆದ್ರೆ ಇಷ್ಟೊಂದಾ?"

"ಇದು ಹಿಂದಕ್ಕೆ ಹೋಗುತ್ತೆ" ಎಂದೆ. "ಎಡರೆಕ್ಕೆಯ ಎಂಜಿನ್. ಉಲ್ಟಾ ತಿರುಗುತ್ತೆ."

ಯಾರೂ ನಂಬಲಿಲ್ಲ. ಮಗಳು ಜಾಕ್ ತಂದಳು. ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಪ್ಲಗ್ಗುಗಳನ್ನು ಬಿಚ್ಚಿ, ಮೊದಲ ಗೇರಿಗೆ ಹಾಕಿ ಬರೀ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದಳು. ಎಲ್ಲರೂ ಬಗ್ಗಿ ನೋಡಿದೆವು. ಚಕ್ರ ನಿಧಾನವಾಗಿ, ಆರಾಮವಾಗಿ, ಹಿಂದಕ್ಕೆ ತಿರುಗಿತು.

ಮೊದಲು ನಕ್ಕವನು ಡಾಕ್ಟರು. ನೆಲದ ಮೇಲೆ ಕೂತು ನಕ್ಕ. "ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು. ಮಹಾರಾಯ, ಪ್ರದರ್ಶನಕ್ಕೆ ಬೆನ್ನು ತಿರುಗಿಸಿಕೊಂಡು ಹೋಗ್ಬೇಕಿತ್ತು. ಭಾವ, ನೀವು ದೇವರು." ಎದ್ದು ನನ್ನನ್ನು ತಬ್ಬಿಕೊಂಡ. ಗ್ರೀಸೆಲ್ಲ ನನ್ನ ಅಂಗಿಗೆ.

ಮಗಳು ನಗಲಿಲ್ಲ. ಅವಳು ಟೈರುಗಳ ಹತ್ತಿರದ ಕುರ್ಚಿಯನ್ನೇ ನೋಡುತ್ತಿದ್ದಳು.

"ಯಾವಾಗ ಗೊತ್ತಾಯ್ತು ಅಪ್ಪ?"

"ಈಗ ತಾನೇ."

"ಗೇಟಿನ ಹತ್ರ ನಿಂತ್ರೆ ಶಾಫ್ಟ್ ಕಾಣಲ್ಲ."

ಅವಳು ನನ್ನ ಮಗಳು. ಎಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಗೊತ್ತಿರುವವಳು. "ಸ್ಟ್ಯಾಂಡಿನ ಮೇಲೆ ಓಡಿಸಿದ ದಿನ" ಎಂದೆ.

ಡಾಕ್ಟರ ಕೈ ನನ್ನ ಹೆಗಲ ಮೇಲಿತ್ತು. ತೆಗೆಯಲಿಲ್ಲ, ಆದರೆ ಭಾರ ಕಡಿಮೆಯಾಯಿತು.

"ಚಿಕ್ಕಮ್ಮ ಹಿಂದೆ ಕೂತಿದ್ರು ಅಪ್ಪ" ಎಂದಳು. ಅಷ್ಟೇ. ಕೈ ಒರೆಸಿಕೊಂಡು ನಡೆದೇ ಮನೆಗೆ ಹೋದಳು.

ಫೆಬ್ರವರಿ ೨೪, ಸೋಮವಾರ

ಅವಳು ಮಾತನಾಡುತ್ತಿಲ್ಲ. ಟೀ ತಂದಿಟ್ಟಳು, ಸಕ್ಕರೆ ಎಷ್ಟೆಂದು ಕೇಳಲಿಲ್ಲ. ಸಕ್ಕರೆ ಸರಿಯಾಗಿಯೇ ಇತ್ತು.

ಫೆಬ್ರವರಿ ೨೬, ಬುಧವಾರ

ಮಧ್ಯಾಹ್ನ ನಾದಿನಿ ಬಂದಳು. ಒಬ್ಬಳೇ. ನಾನು ಎದ್ದು ನಿಂತೆ, ಅವಳು ಕೂರಿ ಅನ್ನುವಂತೆ ಕೈ ಮಾಡಿದಳು, ನನ್ನ ಮನೆಯಲ್ಲಿ ನನಗೇ. ತನ್ನ ಅಕ್ಕನ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರದ ಸ್ಟೂಲಿನ ಮೇಲೆ ಕೂತಳು.

"ಬೈಯೋಕೆ ಬಂದ್ಯಾ?"

"ಬೈಯೋದೇನು ಬಂತು. ಅವರು ಅವತ್ತಿಂದ ಊಟ ಸರಿಯಾಗಿ ಮಾಡ್ತಿಲ್ಲ. ಕಾರಿನ ಸುತ್ತ ಸುಮ್ನೆ ಸುತ್ತುತ್ತಾರೆ. ಎಂಜಿನ್ ವಾಪಸ್ ಗುಜರಿಗೆ ಹಾಕ್ತೀನಿ ಅಂತಾರೆ. ಏನಾದ್ರೂ ದಾರಿ ಇದ್ಯಾ ಭಾವ?"

"ನನ್ನನ್ನ ಕೇಳ್ತಿದೀಯಾ?"

"ತಪ್ಪು ಕಂಡಿದ್ದು ನಿಮ್ಮ ಕಣ್ಣಿಗೆ ತಾನೆ. ದಾರೀನೂ ಅದೇ ಕಣ್ಣಿಗೆ ಕಾಣ್ಲಿ."

ಏಳುವ ಮೊದಲು ಮತ್ತೆ ಹೇಳಿದಳು: "ಅಕ್ಕ ಇದ್ದಿದ್ರೆ ಅವತ್ತೇ ನಿಮ್ಮ ಮುಖ ನೋಡಿ ಕಂಡುಹಿಡಿದುಬಿಡ್ತಿದ್ಲು. ಏನ್ರೀ ಬಚ್ಚಿಟ್ಟುಕೊಂಡಿದೀರಿ, ಉಗುಳಿ, ಅಂತಿದ್ಲು. ನಮಗ್ಯಾರಿಗೂ ಅದು ಬರಲ್ಲ ಭಾವ. ನೀವೇ ಹೇಳ್ಬೇಕು."

ಅವಳು ಹೇಳಿ ಹೋದದ್ದು ನಿಜ. ಇವಳು ನನ್ನ ಮುಖವನ್ನು ಪೇಪರ್ ಓದಿದ ಹಾಗೆ ಓದುತ್ತಿದ್ದಳು, ನಾನು ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಅಷ್ಟು ವರ್ಷದಲ್ಲಿ ಹೇಳುವ ಅಭ್ಯಾಸವೇ ತಪ್ಪಿತೇನೋ. ಆರ್ಗ್ಯುಮೆಂಟ್ ಫಾರ್ ದಿ ಡಿಫೆನ್ಸ್ ಎಂದು ಬರೆದುಕೊಳ್ಳಬಹುದು. ಗೆಲ್ಲುವ ಆರ್ಗ್ಯುಮೆಂಟ್ ಅಲ್ಲ.

ದಾರಿ ಇದೆ. ಊಟಕ್ಕೆ ಕೂತಾಗ ತಟ್ಟೆಯಲ್ಲೇ ಬೆರಳಲ್ಲಿ ಚಿತ್ರ ಬರೆದು ನೋಡಿದೆ. ಎಂಜಿನ್ನನ್ನು ಮುಟ್ಟುವುದೇ ಬೇಡ. ಹಿಂದಿನ ಚಕ್ರಗಳ ಆಕ್ಸಲ್ಲನ್ನು ಬಿಚ್ಚಿ ತಲೆಕೆಳಗು ಮಾಡಿ ಕೂರಿಸಿದರೆ ಸಾಕು. ಒಳಗಿನ ದೊಡ್ಡ ಹಲ್ಲುಚಕ್ರ ಶಾಫ್ಟಿನ ಆಚೆ ಪಕ್ಕಕ್ಕೆ ಹೋಗುತ್ತದೆ, ಉಲ್ಟಾ ಇದ್ದದ್ದು ಇನ್ನೊಮ್ಮೆ ಉಲ್ಟಾ ಆಗಿ ಸೀದಾ ಆಗುತ್ತದೆ. ಎಣ್ಣೆ ಹಾಕುವ ತೂತು ಮಾತ್ರ ಕೆಳಗೆ ಬರುತ್ತದೆ, ಎಣ್ಣೆ ಇಳಿಸುವುದು ಮೇಲೆ. ಅದಕ್ಕೆ ಬಿರಡೆಯ ಹಾಗೆ ಕೂರುವ ಹೊಸ ಪ್ಲಗ್ಗನ್ನು ಮಗಳು ಕಡೆಯಬೇಕು. ಅವಳಿಗೆ ಹೇಳುವವರು ಯಾರು?

ನಾನೇ. ಹೇಳಿದೆ. ಅವಳು ತಟ್ಟೆಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. "ಸ್ಪ್ರಿಂಗ್ ಕೂರೋ ಜಾಗ?" ಎಂದಳು.

"ಅದನ್ನೂ ಕತ್ತರಿಸಿ ಈ ಕಡೆ ವೆಲ್ಡ್ ಮಾಡ್ಬೇಕು."

"ಹೂಂ" ಎಂದಳು. ಮೂರು ದಿನದಲ್ಲಿ ಮೊದಲ ಹೂಂ.

ಮಾರ್ಚ್ ೪, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಆಕ್ಸಲ್ ಬಿಚ್ಚುವುದೆಂದರೆ ಸಣ್ಣ ಕೆಲಸವಲ್ಲ, ನೂರು ವರ್ಷದ ತುಕ್ಕು. ಡಾಕ್ಟರು ಒಂದೊಂದು ಬೋಲ್ಟಿಗೂ "ಬಾಯಿ ದೊಡ್ಡದಾಗಿ ತೆಗೀರಿ" ಎಂದು ಹೇಳಿ ಕೀಳುತ್ತಾನೆ. ಮೊದಲ ದಿನ ನಮ್ಮಿಬ್ಬರ ನಡುವೆ ಮಾತು ಕಷ್ಟವಾಗಿತ್ತು. ಸ್ಪ್ಯಾನರ್ ಜಾರಿ ಅವನ ಹೆಬ್ಬೆರಳು ಜಜ್ಜಿದಾಗ ಅವನು ಬೈದ ಬೈಗುಳ ಕೇಳಿ ನಾನು ದಂಗಾದೆ, ಅಂಥದ್ದು ಹ್ಯಾಂಗರಿನಲ್ಲೂ ಕೇಳಿರಲಿಲ್ಲ. ಆಮೇಲೆ ಸರಿಹೋಯಿತು.

"ಭಾವ, ಒಂದು ಕೇಳ್ಲಾ? ಪ್ರದರ್ಶನದಲ್ಲಿ ಹಿಂದಕ್ಕೆ ಹೋಗಿದ್ರೆ ನಿಜವಾಗ್ಲೂ ನಗ್ತಿದ್ರಾ?"

"ನಗ್ತಿದ್ದೆ."

"ನಾನೂ ನಗ್ತಿದ್ದೆ ಬಿಡಿ, ನಿಮ್ದು ಹೋಗಿದ್ರೆ." ಆಕ್ಸಲ್ಲಿಗೆ ಕೈ ಕೊಡುತ್ತಾ, "ಆದ್ರೆ ಅವಳಿಗೆ ಏನಾದ್ರೂ ಆಗಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ" ಎಂದ.

"ಗೊತ್ತು" ಎಂದೆ. ಇಬ್ಬರೂ ಸೇರಿ ಆಕ್ಸಲ್ಲನ್ನು ಉರುಳಿಸಿದೆವು.

ಕೈಪಂಪಿನ ಕೆಲಸ ಈಗ ನನ್ನದು. ಅದಕ್ಕೊಂದು ಹದವಿದೆ. ನಾಲ್ಕು ಸಲ, ಕೊನೆಯದು ನಿಧಾನ. ಹೆಚ್ಚಾದರೆ ಪ್ಲಗ್ ಒದ್ದೆ, ಕಡಿಮೆಯಾದರೆ ಬರೀ ಕೆಮ್ಮು. ಬೇರೆ ಯಾರಿಗೂ ಸರಿಯಾಗಿ ಬರುವುದಿಲ್ಲ.

ಮಗಳು ಕೆಲಸದ ಮಾತು ಮಾತ್ರ ಆಡುತ್ತಾಳೆ. ಹಿಡೀರಿ, ಬಿಡಿ, ಇನ್ನೂ ಸ್ವಲ್ಪ. ಮನೆಗೆ ಬಂದರೆ ಅದೂ ಇಲ್ಲ.

ಮಾರ್ಚ್ ೯, ಭಾನುವಾರ

ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ, ಕಾರಿನ ಸೀಟಿನಲ್ಲಿ. ಉಳಿದವರೆಲ್ಲ ಒಳಗೆ ಅಧ್ಯಕ್ಷರಿಗೆ ಟೀ ಕೊಟ್ಟು ಮಾತನಾಡಿಸುತ್ತಿದ್ದಾರೆ. ನನಗೆ ಆ ಮನುಷ್ಯನ ಮುಖ ನೋಡಲು ಮನಸ್ಸಿಲ್ಲ.

ಯಾಕೆಂದರೆ ಇವತ್ತು ಎಲ್ಲ ತಯಾರಾದಾಗ ಈ ಅಧ್ಯಕ್ಷರು ಮಫ್ಲರು ಹಾರಿಸಿಕೊಂಡು ಬಂದರು. ಡಾಕ್ಟರಿಗೆ ಅವರನ್ನು ಕಂಡರೆ ಬೆಣ್ಣೆ ಹಚ್ಚುವ ಚಟ. "ಸಾರ್, ನೀವೇ ಪಂಪ್ ಒತ್ತಿ, ಶುಭವಾಗ್ಲಿ" ಎಂದ. ನನ್ನ ಪಂಪು. ನಾನು ಪಕ್ಕದಲ್ಲೇ ನಿಂತಿದ್ದೇನೆ, ಕೈ ಒರೆಸಿಕೊಂಡು ರೆಡಿಯಾಗಿ. ಆ ಮಹಾಶಯರು ಏಳು ಸಲ ಒತ್ತಿದರು. ಏಳು. ಮುಗುಳ್ನಗುತ್ತಾ. ಪ್ಲಗ್ಗೆಲ್ಲ ತೊಯ್ದು ಎಂಜಿನ್ ಹತ್ತಲೇ ಇಲ್ಲ, ಇಪ್ಪತ್ತನಾಲ್ಕನ್ನೂ ಬಿಚ್ಚಿ ಒಣಗಿಸಬೇಕಾಯಿತು. ನಾನು ಒಂದು ಮಾತೂ ಆಡಲಿಲ್ಲ. ಆಡಿದೆ, ಸ್ವಲ್ಪ. "ಇದು ಸೊಳ್ಳೆಗೆ ಔಷಧಿ ಹೊಡೆಯೋ ಪಂಪ್ ಅಲ್ಲ ಸಾರ್" ಎಂದೆ. ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಟ್ಟೆ ಈಗಲೂ ಉರಿಯುತ್ತಿದೆ.

ಎರಡನೆಯ ಸಲ ನಾನು ಒತ್ತಿದೆ. ಆದರೆ ಎಂಜಿನ್ ಹತ್ತಿಸುವ ಮೊದಲು ಒಂದು ಮಾತಾಯಿತು, ಅದನ್ನು ಬರೆಯಬೇಕೆಂದೇ ಕೂತದ್ದು.

ಹಿಂದಿನ ಚಕ್ರಗಳು ದಿಮ್ಮಿಯ ಮೇಲೆ, ನೆಲದಿಂದ ಗೇಣು ಎತ್ತರದಲ್ಲಿದ್ದವು. ಸ್ಟಿಯರಿಂಗ್ ಹಿಡಿದು ಮಗಳು ಕೂತಿದ್ದಳು, ಡಾಕ್ಟರಿಗೆ ಹೆಬ್ಬೆರಳಿನ ಕಟ್ಟು ಇನ್ನೂ ಬಿಚ್ಚಿಲ್ಲ. ಚಕ್ರ ಯಾವ ಕಡೆ ತಿರುಗುತ್ತದೆಂದು ಹಿಂದೆ ನಿಂತು ಒಬ್ಬರು ನೋಡಿ ಹೇಳಬೇಕು. ಆಮೇಲೆಯೇ ಕಾರನ್ನು ನೆಲಕ್ಕಿಳಿಸುವುದು.

"ನಾನು ನೋಡ್ತೀನಿ" ಎಂದ ಡಾಕ್ಟರು.

"ಬೇಡ ಚಿಕ್ಕಪ್ಪ. ಅಪ್ಪ ನೋಡ್ಲಿ."

ಡಾಕ್ಟರು ಅವಳನ್ನು ನೋಡಿದ, ನನ್ನನ್ನು ನೋಡಿದ, ಪಕ್ಕಕ್ಕೆ ಸರಿದ.

"ಸರಿಯಾಗಿ ನೋಡಿ ಅಪ್ಪ" ಎಂದಳು, ಮುಂದಕ್ಕೇ ನೋಡುತ್ತಾ. "ನೀವು ಏನು ಹೇಳ್ತೀರೋ ಅದೇ."

ಹಿಂದೆ ಹೋಗಿ ಬಗ್ಗಿದೆ. ಎಂಜಿನ್ ಹತ್ತಿತು, ನೆಲ ನಡುಗಿತು. ಅವಳು ಗೇರು ಹಾಕಿ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟಳು. ಚಕ್ರ ಅಲುಗಿತು. ನನ್ನ ಕಣ್ಣು ಮಂಜಾಗಿತ್ತು, ಹೊಗೆಗೆ. ಒರೆಸಿಕೊಂಡು ಮತ್ತೆ ನೋಡಿದೆ. ಒಂದು ಸುತ್ತು ಪೂರ್ತಿ ಆಗಲಿ ಎಂದು ಕಾದೆ, ಎರಡನೆಯದೂ ಆಗಲಿ ಎಂದು ಕಾದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳು ಮಾತ್ರ ತಿರುಗಲಿಲ್ಲ, ಕನ್ನಡಿಯಲ್ಲಿ ನನ್ನ ಕೈಯನ್ನು ಕಾಯುತ್ತಿದ್ದಳು. ಅವಳಿಗೆ ಕಾಣುವಂತೆ ಕೈಯೆತ್ತಿ ಗೇಟಿನ ಕಡೆ ತೋರಿಸಿದೆ. ಮುಂದಕ್ಕೆ.

ಜಾಕ್ ಇಳಿಸಿದರು. ಅವಳು ನನ್ನ ಕೈಯನ್ನು ಇನ್ನೊಮ್ಮೆ ಕನ್ನಡಿಯಲ್ಲಿ ನೋಡಿ ಕ್ಲಚ್ಚು ಬಿಟ್ಟಳು. ಆ ದೊಡ್ಡ ಹಂಡೆಯಂಥ ಕಾರು ಶೆಡ್ಡಿನಿಂದ ಬಿಸಿಲಿಗೆ ನಡೆದುಹೋಯಿತು, ಆನೆ ಎದ್ದು ಹೋದ ಹಾಗೆ. ಡಾಕ್ಟರು ಪಕ್ಕದಲ್ಲಿ ಓಡಿದ, ಅಳುತ್ತಿದ್ದನೋ ನಗುತ್ತಿದ್ದನೋ. ಗೇಟಿನ ಹೊರಗೆ ರಸ್ತೆಯಲ್ಲಿ ನಿಂತಿದ್ದ ಯಾರೋ ಒಬ್ಬರು, ಹಿಂದೆಯೇ ಗೇಟಿಗೆ ಹೋದ ನನ್ನನ್ನು ಯಾರ ಕಾರಿದು ಎಂದು ಕೇಳಿದರು. ನಮ್ಮದು ಎಂದು ಹೇಳಿ, ಗುಂಪು ಸೇರಬೇಡಿ, ಬ್ರೇಕು ಇನ್ನೂ ಸರಿಯಿಲ್ಲ ಎಂದು ದೂರ ಕಳಿಸಿದೆ. ಬಂದುಬಿಡುತ್ತಾರೆ ನೋಡಲು.

ಮಗಳು ಕಾರನ್ನು ಒಳಗೆ ತಂದು ನಿಲ್ಲಿಸಿ ಇಳಿದಳು. ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದ್ದುದರಿಂದ ಅವಳು ಅಂದದ್ದು ಮೊದಲು ಕೇಳಿಸಲಿಲ್ಲ. ಹತ್ತಿರ ಬಂದು ಜೋರಾಗಿ ಹೇಳಿದಳು: "ಆಕ್ಸಲ್ ಕೆಳಗಿನ ಹೊಸ ಪ್ಲಗ್ ಸೋರ್ತಿದ್ಯಾ ನೋಡಿ ಹೇಳಿ ಅಪ್ಪ. ನಾನೇ ಕಡೆದಿದ್ದು, ಸೋರ್ತಿದ್ರೆ ಸೋರ್ತಿದೆ ಅಂತ್ಲೇ ಹೇಳಿ."

ಆರಲಿ, ಬಿಸಿ ಇದೆ, ಆಮೇಲೆ ನೋಡುತ್ತೇನೆ ಎಂದು ಇಷ್ಟು ಹೊತ್ತು ಬರೆಯುತ್ತಾ ಕೂತೆ. ಈಗ ಸಾಲಿನ ಮೇಲೆ ಸಾಲು ಬೀಳುತ್ತಿದೆ. ಬೆಳಕು ಹೋಗುತ್ತಿದೆ. ಕೆಳಗೆ ತೂರಿ ನೋಡಿ, ಒಳಗೆ ಹೋಗಿ ಹೇಳಬೇಕು.